ಎಸ್‌ಎಸ್‌ಡಿ ಹಾಕಿದ ಮೇಲೆ ಲ್ಯಾಪ್‌ಟಾಪ್ ಬೂಟ್ ಆಗ್ತಿಲ್ವಾ? ಅಂಗಡಿಗೆ ಓಡುವ ಮುನ್ನ ಇಷ್ಟು ನೋಡಿ

"ಈ ಎಸ್‌ಎಸ್‌ಡಿ ಸರಿ ಇಲ್ಲ, ಬೇರೆ ಕೊಡಿ" ಎಂದು ಮೈಸೂರಿನ ದೇವರಾಜ ಅರಸ್ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ವಾದಕ್ಕೆ ನಿಂತವರನ್ನು ನೀವೂ ನೋಡಿರಬಹುದು. ನಾನು ಕಂಡಂತೆ ಅವರ ಕೈಲಿರುವ ಎಸ್‌ಎಸ್‌ಡಿ (ಹಳೇ ಹಾರ್ಡ್ ಡಿಸ್ಕ್ ಬದಲು ಹಾಕುವ ವೇಗದ ಡಿಸ್ಕ್) ಹೆಚ್ಚಿನ ಸಲ ಚೆನ್ನಾಗೇ ಇರುತ್ತದೆ. ಕೆಟ್ಟಿರುವುದು ಕ್ಲೋನು (ಹಳೇ ಡಿಸ್ಕ್‌ನ ಪಡಿಯಚ್ಚು ನಕಲು), ಇಲ್ಲವೇ ಬಯೋಸ್‌ನ (ಪವರ್ ಒತ್ತಿದಾಗ ವಿಂಡೋಸ್‌ಗೂ ಮುಂಚೆ ಏಳುವ ಪ್ರೋಗ್ರಾಮ್) ಒಂದು ಸೆಟ್ಟಿಂಗು, ಇಲ್ಲವೇ ಅರ್ಧಕ್ಕೆ ಕೂತ ಕನೆಕ್ಟರು. ಡಿಸ್ಕ್ ಬಿಚ್ಚಿ ಹಾಕುವುದು ಹತ್ತು-ಹದಿನೈದು ನಿಮಿಷದ ಕೆಲಸ. ಆಮೇಲೆ ಮೊದಲ ಸಲ ಪವರ್ ಬಟನ್ ಒತ್ತಿದಾಗ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಬರುತ್ತಲ್ಲ, ಜನ ಕೈಚೆಲ್ಲುವುದು ಅಲ್ಲೇ. ಹಾಗಾಗಿ ಇಲ್ಲಿ ಜಾಸ್ತಿ ಜಾಗ ಅದಕ್ಕೇ.

ಹತ್ತು ವರ್ಷದ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕಬೇಕಾ ಅಂತ ಕೇಳುವವರಿಗೆ ಒಂದು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಸೆಕ್ಯುರಿಟಿ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ಜನರೇಶನ್ ಇಲ್ಲವೇ ಅದಕ್ಕಿಂತ ಹೊಸ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಅದು ಇಲ್ಲದ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳಿ, ಆರಾಮಾಗಿ ಓಡುತ್ತದೆ. ಯಾವ ದಾರಿ ಹಿಡಿದರೂ ಎಸ್‌ಎಸ್‌ಡಿ ದುಡ್ಡು ದಂಡವಲ್ಲ. ಲ್ಯಾಪ್‌ಟಾಪ್ ಹೋದರೂ ಅದನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಬಳಸಬಹುದು.

ಹಂತ 1: ಸರಿಯಾದದ್ದನ್ನು ಕೊಳ್ಳಿ

ಹಳೇ ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೆ ಬೇಕಾದದ್ದು 2.5 ಇಂಚಿನ ಸಾಟಾ (ಹಳೇ ಡಿಸ್ಕ್‌ಗಿದ್ದ ಥರದ್ದೇ ಕನೆಕ್ಟರ್) ಎಸ್‌ಎಸ್‌ಡಿ. ಚಪ್ಪಟೆ ಕಡ್ಡಿಯಂತಿರುವ ಎಂ.2 ಅಲ್ಲ. ನಿಮ್ಮದರಲ್ಲಿ ಎಂ.2 ಜಾಗ ಇದ್ದರೂ ಅದು ಸಾಟಾ ಮಾತ್ರ ಓದುತ್ತದಾ, ಅದಕ್ಕಿಂತ ವೇಗದ ಎನ್‌ವಿಎಂಇ ಬಗೆ ಓದುತ್ತದಾ ಎಂದು ಮಾಡೆಲ್ ನಂಬರ್ ಹಾಕಿ ಖಚಿತ ಮಾಡಿಕೊಳ್ಳದೆ ಕೊಳ್ಳಬೇಡಿ. ಎರಡೂ ನೋಡಲು ಹತ್ತಿರ ಹತ್ತಿರ ಒಂದೇ ಥರ, ಕೆಲವು ಜಾಗದಲ್ಲಿ ಎರಡೂ ಕೂರುತ್ತವೆ, ಆದರೆ ಒಂದು ಮಾತ್ರ ಕಾಣಿಸುತ್ತದೆ.

500 ಜಿಬಿ ಸಾಕು. 120 ಜಿಬಿ ತಗೊಂಡು ದುಡ್ಡು ಉಳಿಸಿದೆ ಅಂದುಕೊಳ್ಳಬೇಡಿ, ವಿಂಡೋಸ್ ಅಪ್‌ಡೇಟ್‌ಗಳೇ ಅದನ್ನು ತುಂಬಿಸಿಬಿಡುತ್ತವೆ. ಗ್ಯಾರಂಟಿ ಕಾರ್ಡ್ ಇರುವ, ಹೆಸರು ಕೇಳಿದ ಬ್ರ್ಯಾಂಡ್ ಇರಲಿ. ಆನ್‌ಲೈನಲ್ಲಿ ಸಾವಿರ-ಒಂದೂವರೆ ಸಾವಿರಕ್ಕೆ '2 ಟಿಬಿ' ಅಂತ ಬರುತ್ತಲ್ಲ, ಅದರ ಹತ್ತಿರಕ್ಕೂ ಹೋಗಬೇಡಿ. ಅಂಥ ಡಬ್ಬಿ ಬಿಚ್ಚಿದರೆ ಒಳಗೆ ಸಣ್ಣ ಮೆಮೊರಿ ಕಾರ್ಡ್ ಸಿಕ್ಕಿದ ಉದಾಹರಣೆಗಳಿವೆ. ಕಂಪ್ಯೂಟರಿಗೆ 2 ಟಿಬಿ ಎಂದು ಸುಳ್ಳು ಹೇಳುತ್ತದೆ, ಒಳಗಿರುವಷ್ಟು ತುಂಬಿದ ಮೇಲೆ ಹಾಕಿದ ಫೈಲೆಲ್ಲ ಗೋವಿಂದ. ಅನುಮಾನ ಇದ್ದರೆ 'ಎಚ್2ಟೆಸ್ಟ್‌ಡಬ್ಲ್ಯೂ' ಎಂಬ ಉಚಿತ ಸಾಫ್ಟ್‌ವೇರ್‌ನಿಂದ ಪೂರ್ತಿ ಬರೆದು ಓದಿಸಿ ನೋಡಿ.

ಜೊತೆಗೆ ಒಂದು ಸಾಟಾ-ಯುಎಸ್‌ಬಿ ಕೇಬಲ್ ಕೊಳ್ಳಿ. ನೀಲಿ ಬಾಯಿಯ ಯುಎಸ್‌ಬಿ 3.0 ಇರಲಿ. ಕ್ಲೋನ್‌ಗೂ ಅದೇ, ಆಮೇಲೆ ಹಳೇ ಡಿಸ್ಕ್ ಓದಲಿಕ್ಕೂ ಅದೇ.

ಹಂತ 2: ಹಳೇ ಡಿಸ್ಕ್‌ನ ನಾಡಿ ಹಿಡಿಯಿರಿ

'ಕ್ರಿಸ್ಟಲ್ ಡಿಸ್ಕ್ ಇನ್ಫೋ' ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ತೆರೆಯಿರಿ. ನೀಲಿ ಬಣ್ಣದಲ್ಲಿ 'ಗುಡ್' ಅಂತಿದ್ದರೆ ಮುಂದಕ್ಕೆ ಹೋಗಿ. ಹಳದಿ 'ಕಾಷನ್' ಇದ್ದರೆ ಪಟ್ಟಿಯಲ್ಲಿ 05, ಸಿ5, ಸಿ6 ಸಾಲುಗಳನ್ನು ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನಾದರೂ ಇದ್ದರೆ ಡಿಸ್ಕ್‌ನ ಕೆಲವು ಜಾಗ ಸತ್ತಿದೆ ಅಂತ ಅರ್ಥ. ಕ್ಲೋನ್ 63 ಪರ್ಸೆಂಟ್‌ಗೋ 80ಕ್ಕೋ ಬಂದು ನಿಂತುಬಿಡುವುದು ಇದೇ ಕಾರಣಕ್ಕೆ, ಹೊಸ ಎಸ್‌ಎಸ್‌ಡಿಯ ತಪ್ಪಿಂದಲ್ಲ.

ಇಂಥ ಡಿಸ್ಕ್ ಮೇಲೆ 'ಚೆಕ್ ಡಿಸ್ಕ್' ಓಡಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ತಿರುಗಿಸಿ ಹಿಂಸೆ ಕೊಟ್ಟರೆ ಇದ್ದದ್ದೂ ಹೋಗಬಹುದು. ಮೊದಲು ಮಕ್ಕಳ ಫೋಟೋ, ಟ್ಯಾಲಿ ಡೇಟಾ, ಆಫೀಸಿನ ಫೈಲು ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿ. ಕ್ಲೋನ್ ಆಸೆ ಬಿಟ್ಟು ಹೊಸದಾಗಿ ವಿಂಡೋಸ್ ಹಾಕಿ.

ಹಂತ 3: ಬಯೋಸ್‌ನ ಫೋಟೋ ತೆಗೆಯಿರಿ

ಯಾರೂ ಮಾಡದ ಕೆಲಸ ಇದು, ಆಮೇಲೆ ಎಲ್ಲರೂ ಪರದಾಡುವುದೂ ಇದಕ್ಕೇ. ಏನನ್ನೂ ಬಿಚ್ಚುವ ಮುಂಚೆ ಬಯೋಸ್‌ಗೆ ಹೋಗಿ. ಡೆಲ್, ಏಸರ್, ಏಸಸ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್2, ಥಿಂಕ್‌ಪ್ಯಾಡ್ ಆದರೆ ಎಫ್1. ಎರಡು ವಿಷಯ ಹುಡುಕಿ: ಬೂಟ್ ಮೋಡ್ (ಲ್ಯಾಪ್‌ಟಾಪ್ ವಿಂಡೋಸನ್ನು ಎಬ್ಬಿಸುವ ರೀತಿ) ಹಳೇ 'ಲೆಗಸಿ'ನಾ ಹೊಸ 'ಯುಇಎಫ್‌ಐ'ನಾ, ಮತ್ತು ಸಾಟಾ ಮೋಡ್ (ಲ್ಯಾಪ್‌ಟಾಪ್ ಡಿಸ್ಕ್ ಜೊತೆ ಮಾತಾಡುವ ರೀತಿ) 'ಎಎಚ್‌ಸಿಐ'ನಾ, 'ಐಡಿಇ'ನಾ, 'ರೇಡ್' ಆ. ಮೊಬೈಲ್‌ನಲ್ಲಿ ಎರಡು ಪುಟದ ಫೋಟೋ ಹೊಡೆದಿಡಿ, ಅಷ್ಟೆ.

ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಷನ್' (ಡಿಸ್ಕ್‌ನ ಡೇಟಾಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಈಗಲೇ ಆಫ್ ಮಾಡಿ, ಪೂರ್ತಿ ಬಿಡಿಸಿಕೊಳ್ಳುವವರೆಗೂ ಕಾಯಿರಿ. ಐಟಿ ಕಂಪನಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರು ಇದನ್ನು ತಪ್ಪದೆ ನೋಡಿ. ಇಲ್ಲದಿದ್ದರೆ ಮಧ್ಯದಲ್ಲಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಯಾರ ಕೈಲೂ ಆಗಲ್ಲ.

ಹಂತ 4: ಕ್ಲೋನ್, ಅಥವಾ ಹೊಸ ವಿಂಡೋಸ್

ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್‌ಗೆ ಹಾಕಿದರೂ 'ದಿಸ್ ಪಿಸಿ'ಯಲ್ಲಿ ಕಾಣಿಸಲ್ಲ. ಗಾಬರಿ ಬೇಡ. ಹೊಸ ಡಿಸ್ಕ್ ಖಾಲಿ ಇರುತ್ತದೆ, 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆದರೆ ಅಲ್ಲಿ ಕಪ್ಪು ಪಟ್ಟಿಯಾಗಿ ಇರುತ್ತದೆ. ಇನಿಷಿಯಲೈಸ್ (ಬಳಕೆಗೆ ಸಿದ್ಧ) ಮಾಡಲಾ ಅಂತ ಕೇಳಿದರೆ, ಡಿಸ್ಕ್ ಭಾಗ ಮಾಡುವ ಎರಡು ಬಗೆಯಲ್ಲಿ ನಿಮ್ಮ ಹಳೇ ಡಿಸ್ಕ್‌ನದು ಯಾವುದೋ ಅದನ್ನೇ ಆರಿಸಿ: ಲೆಗಸಿ ಲ್ಯಾಪ್‌ಟಾಪ್ ಆದರೆ ಎಂಬಿಆರ್, ಯುಇಎಫ್‌ಐ ಆದರೆ ಜಿಪಿಟಿ.

ಕ್ಲೋನ್ ಮಾಡುವಾಗ ಜನ ಮಾಡುವ ದೊಡ್ಡ ತಪ್ಪು ಒಂದೇ. ಸಿ ಡ್ರೈವ್ ಮಾತ್ರ ಟಿಕ್ ಮಾಡುತ್ತಾರೆ. ಆದರೆ ಬೂಟ್ ಮಾಡಿಸುವುದು ಸಿ ಡ್ರೈವ್ ಅಲ್ಲ, ಅದರ ಹಿಂದೆ ಹೆಸರಿಲ್ಲದೆ ಕೂತಿರುವ ನೂರಿನ್ನೂರು ಎಂಬಿಯ ಸಣ್ಣ ಪಾರ್ಟಿಷನ್ (ಡಿಸ್ಕ್‌ನ ಒಂದು ಭಾಗ). ಅದನ್ನು ಬಿಟ್ಟು ಬರುವುದು ಎಂದರೆ ಸಾಮಾನೆಲ್ಲ ಹೊಸ ಮನೆಗೆ ಸಾಗಿಸಿ ಬೀಗದ ಕೈ ಹಳೇ ಮನೆಯ ಮೊಳೆಯಲ್ಲೇ ನೇತುಹಾಕಿ ಬಂದ ಹಾಗೆ. ಇಡೀ ಡಿಸ್ಕ್ ಆರಿಸಿ. ಎಸ್‌ಎಸ್‌ಡಿ ಕಂಪನಿಯೇ ಕೊಡುವ ಕ್ಲೋನ್ ಸಾಫ್ಟ್‌ವೇರ್ ಇದ್ದರೆ ಅದನ್ನೇ ಬಳಸಿ. ಕ್ಲೋನ್‌ಜಿಲ್ಲಾ ಎಂಬ ಉಚಿತ ಸಾಫ್ಟ್‌ವೇರ್ ಒಳ್ಳೆಯದೇ, ಆದರೆ ಅದರ ಪರದೆ ನೋಡಿದರೆ ಹೊಸಬರು ಹೆದರುತ್ತಾರೆ. ಜೊತೆಗೆ 1 ಟಿಬಿಯಿಂದ 500 ಜಿಬಿಗೆ ಇಳಿಸುವಾಗ ಅದು ಸುಲಭಕ್ಕೆ ಒಪ್ಪಲ್ಲ, ಮೊದಲೇ ಪಾರ್ಟಿಷನ್ ಕುಗ್ಗಿಸಿಕೊಡಬೇಕು.

ಯುಎಸ್‌ಬಿ 2.0 ಪೋರ್ಟ್‌ನಲ್ಲಿ 200 ಜಿಬಿ ಸಾಗಿಸಲು ಎರಡು ಗಂಟೆ ಹತ್ತಿರ ಹಿಡಿಯುತ್ತದೆ. ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿರುತ್ತದೆ, ಮಂಡ್ಯ ಕಡೆ ಹಳ್ಳಿಯಲ್ಲಿದ್ದರೆ ಮಧ್ಯೆ ಕರೆಂಟ್ ಹೋಗುವುದು ಹೊಸದೇನಲ್ಲ. ಯುಪಿಎಸ್ ಇರುವ ಕಡೆ ಕೂತು ಮಾಡಿ.

ಹೊಸದಾಗಿ ವಿಂಡೋಸ್ ಹಾಕುವುದೇ ನನಗಿಷ್ಟ. ಹತ್ತು ವರ್ಷದ ಕಸವನ್ನೂ ಯಾಕೆ ಕ್ಲೋನ್ ಮಾಡಬೇಕು? ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಾದರೂ ಹೋಗಲ್ಲ, ಕೀ ಕೇಳಿದಾಗ ಇಲ್ಲ ಅಂತ ಒತ್ತಿ ಮುಂದೆ ಹೋದರೆ ಇಂಟರ್‌ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ಒಂದು ಎಚ್ಚರಿಕೆ. ನುಡಿಯ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಅರ್ಜಿ, ಪ್ರಶ್ನೆಪತ್ರಿಕೆ ಇರುವವರು ಫಾಂಟ್ ಫೈಲುಗಳನ್ನೂ ನಕಲು ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಹೊಸ ವಿಂಡೋಸ್‌ನಲ್ಲಿ ತೆರೆದಾಗ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ, ಫೈಲ್ ಕೆಟ್ಟಿತು ಅಂತ ಅಳಿಸಿಬಿಡುವವರೂ ಇದ್ದಾರೆ. ಫಾಂಟ್ ಹಾಕಿದರೆ ಸಾಕು, ಸರಿಹೋಗುತ್ತದೆ.

ಹಂತ 5: ಬಿಚ್ಚಿ, ಹಾಕಿ

ಚಾರ್ಜರ್ ತೆಗೆಯಿರಿ, ಬ್ಯಾಟರಿ ಕಳಚಿ, ನಲ್ಲಿಯನ್ನೋ ಕಿಟಕಿ ಸರಳನ್ನೋ ಮುಟ್ಟಿ ಮೈಮೇಲಿನ ಸ್ಥಿರ ವಿದ್ಯುತ್ ಇಳಿಸಿಕೊಂಡು ಕೂರಿ. ಸ್ಕ್ರೂ ಎಲ್ಲ ತೆಗೆದರೂ ಮುಚ್ಚಳ ಬರದಿದ್ದರೆ ಎಳೆಯಬೇಡಿ, ರಬ್ಬರ್ ಕಾಲಿನ ಕೆಳಗೆ ಇಲ್ಲವೇ ಡಿವಿಡಿ ಡ್ರೈವ್ ಹತ್ತಿರ ಒಂದು ಸ್ಕ್ರೂ ಅಡಗಿರುತ್ತದೆ. ಸಂದಿ ಬಿಡಿಸಲು ಚಾಕು ಬೇಡ, ಹಳೇ ಎಟಿಎಂ ಕಾರ್ಡ್ ಸಾಕು.

ಇಲ್ಲಿ ತಪ್ಪುವುದು ಒಂದೇ ಕಡೆ. ಹಳೇ ಹಾರ್ಡ್ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7 ಮಿಲಿಮೀಟರ್. ಹಳೇ ಡಿಸ್ಕ್‌ಗಿದ್ದ ತಗಡಿನ ಚೌಕಟ್ಟನ್ನು ಬಿಚ್ಚಿ ಎಸ್‌ಎಸ್‌ಡಿಗೆ ಹಾಕದೆ ಸುಮ್ನೆ ಒಳಗಿಟ್ಟರೆ ಅದು ಎರಡೂವರೆ ಮಿಲಿಮೀಟರ್ ಕೆಳಗೆ ಜೋತು, ಕನೆಕ್ಟರ್ ಓರೆಯಾಗಿ ಕೂರುತ್ತದೆ. ಮೇಜಿನ ಮೇಲಿದ್ದಾಗ ಬೂಟ್ ಆಗುತ್ತದೆ, ತೊಡೆ ಮೇಲೆ ಇಟ್ಟಾಗ ನಿಲ್ಲುತ್ತದೆ. ಎಸ್‌ಎಸ್‌ಡಿ ಡಬ್ಬಿಯಲ್ಲಿ ಕೆಲವು ಕಂಪನಿಗಳು ಕಪ್ಪು ಪ್ಲಾಸ್ಟಿಕ್ ಚೌಕಟ್ಟು ಕೊಡುತ್ತವೆ. ಅದು ಕಸ ಅಲ್ಲ, ಈ ಸಂದಿ ತುಂಬಲಿಕ್ಕೇ ಇರುವುದು.

ಹಂತ 6: ಮೊದಲ ಬೂಟ್

ಯುಎಸ್‌ಬಿಯಲ್ಲಿ ಹಳೇ ಡಿಸ್ಕ್ ಸಿಕ್ಕಿಸಿಕೊಂಡು ಮೊದಲ ಸಲ ಆನ್ ಮಾಡಬೇಡಿ. ಕ್ಲೋನ್ ಆದ ಎರಡು ಡಿಸ್ಕ್‌ಗೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡುತ್ತದೆ. ಎಸ್‌ಎಸ್‌ಡಿ ಒಂದೇ ಇರಲಿ.

ಬೂಟ್ ಆಗಲಿಲ್ಲ ಅನ್ನಿ. ಮೊದಲು ಬಯೋಸ್‌ಗೆ ಹೋಗಿ ಎಸ್‌ಎಸ್‌ಡಿ ಹೆಸರು ಕಾಣಿಸುತ್ತದಾ ನೋಡಿ. ಮುಂದಿನದೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ.

ಹೆಸರೇ ಇಲ್ಲ ಅಂದರೆ ಅದು ಕನೆಕ್ಷನ್ ವಿಷಯ, ವಿಂಡೋಸ್‌ಗೆ ಸಂಬಂಧವಿಲ್ಲ. ಬಿಚ್ಚಿ ಮತ್ತೆ ಕೂರಿಸಿ. ಹಾಳೆಯಂಥ ಸಾಟಾ ಕೇಬಲ್ ಇರುವ ಲ್ಯಾಪ್‌ಟಾಪ್ ಆದರೆ ಮದರ್‌ಬೋರ್ಡ್ ಕಡೆಯ ಅದರ ತುದಿಯನ್ನೂ ನೋಡಿ, ಡಿಸ್ಕ್ ಎಳೆಯುವಾಗ ಅದು ಸಡಿಲ ಆಗಿರುತ್ತದೆ. ಆಮೇಲೂ ಕಾಣದಿದ್ದರೆ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಬಲ್‌ನಲ್ಲಿ ಬೇರೆ ಕಂಪ್ಯೂಟರಿಗೆ ಹಾಕಿ. ಅಲ್ಲೂ ಕಾಣಲಿಲ್ಲವೇ? ಈಗ ಬೇಕಾದರೆ ಅಂಗಡಿಗೆ ಹೋಗಿ ಜಗಳ ಮಾಡಿ.

ಹೆಸರು ಇದೆ, ಆದರೆ 'ನೋ ಬೂಟಬಲ್ ಡಿವೈಸ್', 'ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್' ಎಂದು ಬರುತ್ತಿದೆ, ಅಥವಾ ಎಚ್‌ಪಿಯಲ್ಲಿ '3ಎಫ್0' ಎಂಬ ಕೋಡ್ ಬರುತ್ತಿದೆ ಎಂದಾದರೆ ಹಂತ 3ರಲ್ಲಿ ಹೊಡೆದ ಫೋಟೋ ತೆಗೆಯಿರಿ. ಬೂಟ್ ಮೋಡ್ ಅಂದು ಇದ್ದದ್ದೇ ಈಗಲೂ ಇದೆಯಾ? ಲೆಗಸಿಯಲ್ಲಿ ಹಾಕಿದ ವಿಂಡೋಸ್ ಯುಇಎಫ್‌ಐನಲ್ಲಿ ಏಳಲ್ಲ, ಅದರಲ್ಲಿ ಹಾಕಿದ್ದು ಇದರಲ್ಲಿ ಏಳಲ್ಲ.

"ನಾನು ಬಯೋಸ್ ಮುಟ್ಟೇ ಇಲ್ಲ, ಹೇಗೆ ಬದಲಾಗುತ್ತೆ?" ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಮಂಡ್ಯದ ಹೈಸ್ಕೂಲ್ ಮೇಷ್ಟ್ರೊಬ್ಬರು ಹೀಗೇ ಬಂದಿದ್ದರು. ಅಂಗಡಿಯವನು ಕೊಟ್ಟ ಎರಡನೇ ಎಸ್‌ಎಸ್‌ಡಿಯೂ ಬೂಟ್ ಆಗಿರಲಿಲ್ಲ. "ನಾನೇನೂ ಮಾಡಿಲ್ಲ ಕಣಪ್ಪಾ, ಬ್ಯಾಟ್ರಿ ತೆಗೆದು ಹಾಕ್ದೆ ಅಷ್ಟೆ" ಎಂದರು. ಬಯೋಸ್ ತೆರೆದರೆ ಮೂಲೆಯಲ್ಲಿ ತಾರೀಖು 2012ರ ಜನವರಿ 1 ಅಂತಿತ್ತು. "ಮೇಷ್ಟ್ರೇ, ಉತ್ತರ ಇಲ್ಲೇ ಇದೆ ನೋಡಿ" ಎಂದೆ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತುಹೋಗಿತ್ತು. ದೊಡ್ಡ ಬ್ಯಾಟರಿ ಕಳಚಿದ ಕ್ಷಣಕ್ಕೆ ಬಯೋಸ್ ತನ್ನ ನೆನಪೆಲ್ಲ ಕಳೆದುಕೊಂಡು ಫ್ಯಾಕ್ಟರಿ ಸೆಟ್ಟಿಂಗ್‌ಗೆ ಮರಳಿತ್ತು. ಬೂಟ್ ಮೋಡ್ ವಾಪಸ್ ಲೆಗಸಿಗೆ ಹಾಕಿದೆವು, ಎದ್ದಿತು. ಹಳೇ ಲ್ಯಾಪ್‌ಟಾಪ್ ಬಿಚ್ಚಿದಾಗಲೇ ಈ ಸೆಲ್ ಬದಲಿಸಿಬಿಡಿ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಕೆಲವದರಲ್ಲಿ ಮಾತ್ರ ವೈರ್ ಸಮೇತ ಸುತ್ತಿದ ಸೆಲ್ ಇರುತ್ತದೆ, ಅದನ್ನು ಅದೇ ಥರದ್ದೇ ತರಿಸಬೇಕು.

ಮೋಡ್ ಸರಿಯಾಗಿದ್ದೂ ಬೂಟ್ ಆಗದಿದ್ದರೆ ಬೂಟ್ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಇದೆಯಾ ನೋಡಿ. ಡಿಸ್ಕ್ ಬದಲಾದಾಗ ಕೆಲವು ಯುಇಎಫ್‌ಐ ಲ್ಯಾಪ್‌ಟಾಪ್‌ಗಳು ಈ ಹೆಸರನ್ನು ಅಳಿಸಿಬಿಡುತ್ತವೆ. ಎಚ್‌ಪಿಯಲ್ಲಿ ಎಫ್9 ಒತ್ತಿ 'ಬೂಟ್ ಫ್ರಂ ಇಎಫ್‌ಐ ಫೈಲ್' ಆರಿಸಿ, ಮೈಕ್ರೋಸಾಫ್ಟ್ ಫೋಲ್ಡರ್ ಒಳಗಿನ ಬೂಟ್ ಫೈಲ್ ತೋರಿಸಬಹುದು. ಏಸರ್‌ನಲ್ಲಿ ಇದೇ ಕೆಲಸಕ್ಕೆ ಮೊದಲು ಬಯೋಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಬೇಕು, ಅಲ್ಲಿಯವರೆಗೂ ಆ ಆಯ್ಕೆ ಮಂಕಾಗೇ ಇರುತ್ತದೆ. ಕೆಲಸ ಮುಗಿದ ಮೇಲೆ ಪಾಸ್‌ವರ್ಡ್ ತೆಗೆಯಲು ಮರೆಯಬೇಡಿ.

ಅದೂ ಫಲಿಸದಿದ್ದರೆ ಕೊನೆಯ ಮದ್ದು ಸ್ಟಾರ್ಟಪ್ ರಿಪೇರ್. 8 ಜಿಬಿ ಪೆನ್‌ಡ್ರೈವ್‌ಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ವಿಂಡೋಸ್ ಹಾಕಿ, ಅದರಿಂದ ಬೂಟ್ ಮಾಡಿ, 'ಇನ್‌ಸ್ಟಾಲ್ ನೌ' ಒತ್ತದೆ ಕೆಳಗಿರುವ 'ರಿಪೇರ್ ಯುವರ್ ಕಂಪ್ಯೂಟರ್'ಗೆ ಹೋಗಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಬೂಟ್ ಮೆನುವಿನಲ್ಲಿ ನಿಮ್ಮ ಪೆನ್‌ಡ್ರೈವ್ ಹೆಸರು ಎರಡು ಸಲ ಕಾಣಬಹುದು, ಒಂದರ ಹೆಸರಿನ ಶುರುವಿಗೆ ಯುಇಎಫ್‌ಐ ಎಂದಿರುತ್ತದೆ, ಇನ್ನೊಂದು ಬರೀ ಹೆಸರು. ನಿಮ್ಮ ವಿಂಡೋಸ್ ಯಾವ ಮೋಡ್‌ನದೋ ಅದನ್ನೇ ಆರಿಸಿ. ತಪ್ಪಾದದ್ದನ್ನು ಆರಿಸಿದರೆ ರಿಪೇರ್ ಸೋಲುತ್ತದೆ, ಯಾಕೆ ಅಂತಲೂ ಸರಿಯಾಗಿ ಹೇಳಲ್ಲ. ಒಂದೇ ಸಲಕ್ಕೆ ಆಗದಿದ್ದರೆ ಎರಡು-ಮೂರು ಸಲ ಓಡಿಸಿ. ಆ ಸಣ್ಣ ಪಾರ್ಟಿಷನ್ನೇ ಬಂದಿಲ್ಲದಿದ್ದರೆ ರಿಪೇರ್‌ಗೆ ಒದ್ದಾಡಬೇಡಿ, ಇಡೀ ಡಿಸ್ಕ್ ಮತ್ತೆ ಕ್ಲೋನ್ ಮಾಡುವುದೇ ಬೇಗ ಮುಗಿಯುತ್ತದೆ.

ಇನ್ನು ನೀಲಿ ಪರದೆ. ವಿಂಡೋಸ್ ಚಿಹ್ನೆ ಬಂದು, ಚುಕ್ಕಿಗಳು ಸುತ್ತಿ, ಆಮೇಲೆ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಎಂದು ನಿಂತರೆ ಒಳ್ಳೆ ಸುದ್ದಿ ಅಂದುಕೊಳ್ಳಿ. ಕ್ಲೋನ್ ಸರಿಯಾಗಿದೆ, ಬೂಟ್ ಫೈಲ್ ಸಿಕ್ಕಿದೆ, ಸಾಟಾ ಮೋಡ್ ಮಾತ್ರ ಬದಲಾಗಿದೆ. ಫೋಟೋದಲ್ಲಿ ಇದ್ದ ಮೋಡ್ ವಾಪಸ್ ಹಾಕಿ. ಹಳೇ ಮೋಡ್ ಐಡಿಇ ಆಗಿದ್ದು ಎಎಚ್‌ಸಿಐಗೆ ಬರಬೇಕು ಅಂತಿದ್ದರೆ (ಬರುವುದು ಒಳ್ಳೆಯದು) ಹೀಗೆ ಮಾಡಿ: ಹಳೇ ಮೋಡ್‌ನಲ್ಲೇ ವಿಂಡೋಸ್ 10 ತೆರೆದು 'ಸಿಸ್ಟಮ್ ಕಾನ್ಫಿಗರೇಷನ್'ನ ಬೂಟ್ ಪುಟದಲ್ಲಿ 'ಸೇಫ್ ಬೂಟ್' ಟಿಕ್ ಮಾಡಿ, ರೀಸ್ಟಾರ್ಟ್ ಕೊಟ್ಟು ನೇರ ಬಯೋಸ್‌ಗೆ ಹೋಗಿ ಎಎಚ್‌ಸಿಐ ಹಾಕಿ. ಸೇಫ್ ಮೋಡ್‌ನಲ್ಲಿ ಏಳುವಾಗ ವಿಂಡೋಸ್ ಬೇಕಾದ ಡ್ರೈವರನ್ನು ತಾನೇ ಎಬ್ಬಿಸಿಕೊಳ್ಳುತ್ತದೆ. ಆಮೇಲೆ ಟಿಕ್ ತೆಗೆದು ಮಾಮೂಲಿಯಾಗಿ ಆನ್ ಮಾಡಿ. ಸೇಫ್ ಮೋಡ್‌ನಲ್ಲಿ ಪಿನ್ ನಂಬರ್ ಒಪ್ಪದೆ ಅಕೌಂಟ್ ಪಾಸ್‌ವರ್ಡ್ ಕೇಳಬಹುದು, ಅದನ್ನು ಮುಂಚೆಯೇ ನೆನಪು ಮಾಡಿಕೊಂಡಿರಿ. ರಿಜಿಸ್ಟ್ರಿ ತಿದ್ದಿ ಇದನ್ನೇ ಮಾಡಿ ಅಂತ ಯೂಟ್ಯೂಬ್‌ನಲ್ಲಿ ಹೇಳುವವರ ಮಾತು ಕೇಳಬೇಡಿ.

ಹಂತ 7: ಬೂಟ್ ಆಯ್ತು, ಆದರೂ ನಿಧಾನ?

ಕ್ರಿಸ್ಟಲ್ ಡಿಸ್ಕ್ ಇನ್ಫೋದಲ್ಲಿ 'ಟ್ರಾನ್ಸ್‌ಫರ್ ಮೋಡ್' ನೋಡಿ. ಎರಡು ಸಂಖ್ಯೆ ಇರುತ್ತವೆ, ಮೊದಲನೆಯದು ಈಗ ಓಡುತ್ತಿರುವ ವೇಗ, ಎರಡನೆಯದು ಎಸ್‌ಎಸ್‌ಡಿಯ ತಾಕತ್ತು. 'ಸಾಟಾ 300' ಮತ್ತು 'ಸಾಟಾ 600' ಎಂದಿದ್ದರೆ ನಿಮ್ಮ ಲ್ಯಾಪ್‌ಟಾಪ್ ಹಳೇ ಸಾಟಾ 2 ಕಾಲದ್ದು. ಚಿಂತೆ ಬೇಡ, ಸೆಕೆಂಡಿಗೆ 250 ಎಂಬಿ ದಾಟಿದರೂ ಹಳೇ ಡಿಸ್ಕ್‌ಗಿಂತ ಎಷ್ಟೋ ವಾಸಿ. ಅದೂ ಅಲ್ಲದೆ, ಚುರುಕು ಅನ್ನಿಸುವುದು ದೊಡ್ಡ ಫೈಲ್ ಓದುವ ವೇಗದಿಂದಲ್ಲ, ಚದುರಿದ ಸಣ್ಣ ಸಣ್ಣ ಫೈಲ್‌ಗಳನ್ನು ತಡವಿಲ್ಲದೆ ಹುಡುಕಿ ಕೊಡುವುದರಿಂದ.

ಆಗಾಗ ಒಂದರ್ಧ ನಿಮಿಷ ಇಡೀ ಲ್ಯಾಪ್‌ಟಾಪ್ ಗರಬಡಿದಂತೆ ನಿಂತು ಮತ್ತೆ ಓಡುತ್ತಿದ್ದರೆ ಅದೇ ಪಟ್ಟಿಯಲ್ಲಿ ಸಿಆರ್‌ಸಿ ದೋಷದ (ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಸಾಲು ನೋಡಿ. ಹೆಚ್ಚಿನ ಎಸ್‌ಎಸ್‌ಡಿಗಳಲ್ಲಿ ಅದು ಸಿ7. ಇವತ್ತಿನ ಸಂಖ್ಯೆ ಬರೆದಿಟ್ಟು ನಾಳೆ ನೋಡಿ. ಏರುತ್ತಿದ್ದರೆ ಕೆಟ್ಟಿರುವುದು ಕೇಬಲ್ಲು ಅಥವಾ ಕನೆಕ್ಟರು. ಹಳೇ ಡಿಸ್ಕ್ ನಿಧಾನ ಇದ್ದುದರಿಂದ ಆ ಕೇಬಲ್‌ನ ದೋಷ ಇಷ್ಟು ದಿನ ಗೊತ್ತಾಗಿರಲಿಲ್ಲ ಅಷ್ಟೆ. ಎಸ್‌ಎಸ್‌ಡಿ ಎಷ್ಟು ಬದಲಿಸಿದರೂ ಇದು ಹೋಗಲ್ಲ. ಮಾಡೆಲ್ ನಂಬರ್ ಕೊಟ್ಟು ಕೇಬಲ್ ತರಿಸಿ, ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳಿ ನೋಡಿ.

4 ಜಿಬಿ ರ್‍ಯಾಮ್ ಇಟ್ಟುಕೊಂಡು ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದರೆ ಎಸ್‌ಎಸ್‌ಡಿಯೂ ಏನೂ ಮಾಡಲಾರದು. ಇನ್ನೊಂದು 4 ಜಿಬಿ ಹಾಕಿಸಿ. ಡಿಫ್ರಾಗ್ ಸಾಫ್ಟ್‌ವೇರ್, 'ಎಸ್‌ಎಸ್‌ಡಿ ಬೂಸ್ಟರ್' ಇಂಥವೆಲ್ಲ ಬೇಡವೇ ಬೇಡ. ವಿಂಡೋಸ್‌ನದೇ 'ಆಪ್ಟಿಮೈಸ್ ಡ್ರೈವ್ಸ್'ನಲ್ಲಿ ನಿಮ್ಮ ಡಿಸ್ಕ್ ಎದುರು 'ಸಾಲಿಡ್ ಸ್ಟೇಟ್ ಡ್ರೈವ್' ಎಂದು ಬರೆದಿದ್ದರೆ ಸಾಕು, ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಡಿವಿಡಿ ಡ್ರೈವ್ ತೆಗೆದು ಆ ಜಾಗಕ್ಕೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಎರಡು ಡಿಸ್ಕ್ ಇಟ್ಟುಕೊಳ್ಳುವವರು ಎಸ್‌ಎಸ್‌ಡಿಯನ್ನು ಮೂಲ ಜಾಗದಲ್ಲೇ ಇಡಿ, ಹಳೇ ಡಿಸ್ಕ್ ಕ್ಯಾಡಿಗೆ ಹೋಗಲಿ. ಡಿವಿಡಿ ಕಡೆಯ ಪೋರ್ಟ್ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಿಧಾನದ್ದು. ಕ್ಯಾಡಿ ಕೊಳ್ಳುವಾಗ ನಿಮ್ಮ ಡಿವಿಡಿ ಡ್ರೈವ್ 12.7 ಮಿಲಿಮೀಟರ್ ದಪ್ಪದ್ದಾ, 9.5ದ್ದಾ ಅಳೆದುಕೊಂಡು ಹೋಗಿ.

ಹಂತ 8: ಹಳೇ ಡಿಸ್ಕ್

ಹಳೇ ಡಿಸ್ಕ್ ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ, ಒಂದು ತಿಂಗಳು ಫಾರ್ಮ್ಯಾಟ್ ಮಾಡದೆ ಬೀರುವಿನಲ್ಲಿಡಿ. ಯಾವುದೋ ಫೈಲ್ ಬಂದಿಲ್ಲ ಅಂತ ಗೊತ್ತಾಗುವುದು ಸಾಮಾನ್ಯವಾಗಿ ಎರಡನೇ ಮೂರನೇ ವಾರದಲ್ಲಿ. ಆಮೇಲೆ 'ಗುಡ್' ಇರುವ ಡಿಸ್ಕ್ ಆದರೆ ಯುಎಸ್‌ಬಿ ಕೇಸ್‌ಗೆ ಹಾಕಿ ಬ್ಯಾಕಪ್‌ಗೆ ಬಳಸಿ. 'ಕಾಷನ್' ಬಂದ ಡಿಸ್ಕ್‌ನಲ್ಲಿ ಬ್ಯಾಕಪ್ ಇಡಬೇಡಿ, ಅದನ್ನು ಯಾರಿಗೂ ಕೊಡಲೂಬೇಡಿ. ಇ-ತ್ಯಾಜ್ಯಕ್ಕೆ ಹಾಕುವ ಮುಂಚೆ ಒಳಗಿನ ತಟ್ಟೆಗೆ ಡ್ರಿಲ್‌ನಿಂದ ಎರಡು ತೂತು ಹಾಕಿಸಿ.